ಎರಡನೆಯ ಭಾಷೆಯಲ್ಲಿ ಸ್ಥಳನಿರೂಪಣೆ: ವಯಸ್ಕ ವಲಸಿಗರ ಕಲಿಕೆ

ಒಂದು ವಸ್ತು ಎಲ್ಲಿದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವುದರ ಒಳಗೆ, ಯಾವುದರ ಮೇಲೆ, ಯಾವುದರ ಆಚೆ ಇದೆ ಎಂಬುದನ್ನೆಲ್ಲ ಮಾತಿನಲ್ಲಿ ತಿಳಿಸುವುದಕ್ಕೆ ಸ್ಥಳನಿರೂಪಣೆ ಎನ್ನಬಹುದು. ಮಗು ತಾಯ್ನುಡಿ ಕಲಿಯುವಾಗ ಜಾಗದ ಅರಿವೂ ಮಾತೂ ಒಟ್ಟೊಟ್ಟಿಗೆ ಬೆಳೆಯುತ್ತವೆ. ಬದುಕು ಅರಸಿ ಬೇರೆ ಊರಿಗೆ ಬಂದ ವಯಸ್ಕರ ಸ್ಥಿತಿ ಬೇರೆ. ಒಳಗು ಹೊರಗು, ಮುಂದು ಹಿಂದು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ತಮ್ಮ ಭಾಷೆಯಲ್ಲಿ ಅದನ್ನು ತಡವರಿಸದೆ ಹೇಳಬಲ್ಲರು. ಗೊತ್ತಿಲ್ಲದಿರುವುದು, ಹೊಸ ಊರಿನ ಭಾಷೆ ಅದೇ ಜಾಗವನ್ನು ಹೇಗೆ ಪಾಲು ಮಾಡಿಕೊಂಡಿದೆ ಎಂಬುದು. ಕಲಿಯುವವರಿಗೆ ಹೇಳಬೇಕಾದ ವಿಷಯ ಮೊದಲೇ ತಿಳಿದಿರುವುದರಿಂದ, ಅವರ ಮಾತಿನಲ್ಲಿ ಕಾಣುವ ಕೊರತೆ ಭಾಷೆಯದೇ ಹೊರತು ತಿಳಿವಳಿಕೆಯದಲ್ಲ. ಭಾಷಾಕಲಿಕೆಯ ಅಧ್ಯಯನದಲ್ಲಿ ಈ ವಿಷಯಕ್ಕೆ ವಿಶೇಷ ಸ್ಥಾನ ಸಿಕ್ಕಿರುವುದು ಇದರಿಂದಲೇ.

ಕನ್ನಡದ ಮಟ್ಟಿಗೆ ಈ ಕಲಿಕೆ ದಿನದಿನವೂ ನಡೆಯುವ ಜಾಗಗಳಲ್ಲಿ ದಕ್ಷಿಣ ಬೆಂಗಳೂರಿನ ಪುಟ್ಟೇನಹಳ್ಳಿ ಒಂದು. ಜೆ.ಪಿ. ನಗರದ 7ನೇ ಹಂತಕ್ಕೆ ಅಂಟಿಕೊಂಡಿರುವ ಈ ಹಳೆಯ ಊರಿನ ಸುತ್ತ ಇಂದು ಬಡಾವಣೆಗಳೂ ಎತ್ತರದ ಅಪಾರ್ಟ್‌ಮೆಂಟುಗಳೂ ಎದ್ದಿವೆ. ಊರಿನ ಗುರುತಾಗಿ ಉಳಿದಿರುವುದು ಕೆರೆ. ಆ ಕೆರೆಯನ್ನು ಉಳಿಸಿಕೊಳ್ಳಲು 2010ರಲ್ಲಿ ಅಲ್ಲಿನ ನಿವಾಸಿಗಳೇ ಪುಟ್ಟೇನಹಳ್ಳಿ ನೇಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿಕೊಂಡರು. ಬೆಂಗಳೂರಿನಲ್ಲಿ ಇದೇ ಹೆಸರಿನ ಇನ್ನೊಂದು ಊರೂ ಇನ್ನೊಂದು ಕೆರೆಯೂ ಯಲಹಂಕದ ಬಳಿ ಇವೆ. ಆದ್ದರಿಂದ ಬರೀ ಹೆಸರು ಹೇಳಿದರೆ ಸಾಲದು, ಯಾವುದರ ಹತ್ತಿರದ ಪುಟ್ಟೇನಹಳ್ಳಿ ಎಂದು ಬಿಡಿಸಿ ಹೇಳಬೇಕು. ಸ್ಥಳನಿರೂಪಣೆಯ ಕೆಲಸ ಇಲ್ಲಿ ಊರಿನ ಹೆಸರಿನಿಂದಲೇ ಶುರುವಾಗುತ್ತದೆ.

2011ರ ಜನಗಣತಿಯ ಪ್ರಕಾರ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿಯವರು ಅರ್ಧಕ್ಕಿಂತ ಕಡಿಮೆ. ತೆಲುಗು, ತಮಿಳು, ಉರ್ದು ಮಾತನಾಡುವವರು ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಕಳೆದ ಎರಡು ಮೂರು ದಶಕಗಳಲ್ಲಿ ಹಿಂದಿ, ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿ ಭಾಷೆಯವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಕಚೇರಿ ಕೆಲಸದವರು ಇಂಗ್ಲಿಷಿನಲ್ಲಿ ದಿನ ದೂಡಬಹುದು. ಗೇಟಿನ ಕಾವಲುಗಾರ, ಗಾರೆ ಕೆಲಸದವರು, ಮನೆಗೆಲಸದವರು, ಸಾಮಾನು ತಲುಪಿಸುವ ಹುಡುಗರು, ಸಲೂನಿನವರು ಹಾಗಿರಲಾಗದು. ಇವರಲ್ಲಿ ಹೆಚ್ಚಿನವರು ಕನ್ನಡದ ತರಗತಿಯ ಬಾಗಿಲನ್ನೂ ಕಂಡವರಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ‘ಮುಂದಕ್ ಹೋಗಿ’, ‘ಒಳಗ್ ಬನ್ನಿ’, ‘ಇಳಿಯೋರು ಬೇಗ ಇಳೀರಿ’ ಎಂಬಂಥ ಮಾತುಗಳೇ ಅವರ ಪಾಠ. ಈ ಮೂರು ಮಾತುಗಳೂ ಜಾಗದ ಮಾತುಗಳೇ.

ಯುರೋಪಿನ ಅಧ್ಯಯನಗಳು

ತರಗತಿಗೆ ಹೋಗದೆ ದುಡಿಮೆಯ ನಡುವೆ ಭಾಷೆ ಕಲಿಯುವ ವಯಸ್ಕರನ್ನು ಶಾಸ್ತ್ರೀಯವಾಗಿ ಗಮನಿಸುವ ಕೆಲಸ ಮೊದಲು ದೊಡ್ಡದಾಗಿ ನಡೆದದ್ದು ಯುರೋಪಿನಲ್ಲಿ. 1970ರ ದಶಕದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವೋಲ್ಫ್‌ಗಾಂಗ್ ಕ್ಲೈನ್ ಮತ್ತು ನಾರ್ಬರ್ಟ್ ಡಿಟ್‌ಮಾರ್ ಸ್ಪೇನ್ ಹಾಗೂ ಇಟಲಿಯಿಂದ ಬಂದ 48 ಕಾರ್ಮಿಕರ ಜರ್ಮನ್ ಮಾತನ್ನು ಪರಿಶೀಲಿಸಿದರು. 1980ರ ದಶಕದಲ್ಲಿ ಕ್ಲೈನ್ ಮತ್ತು ಕ್ಲೈವ್ ಪರ್ಡ್ಯೂ ಅವರ ಮುಂದಾಳತ್ವದಲ್ಲಿ ಯುರೋಪಿಯನ್ ಸೈನ್ಸ್ ಫೌಂಡೇಶನ್ನಿನ ದೊಡ್ಡ ಯೋಜನೆ ನಡೆಯಿತು. ಕಲಿಯುತ್ತಿದ್ದ ಭಾಷೆಗಳು ಐದು: ಇಂಗ್ಲಿಷ್, ಜರ್ಮನ್, ಡಚ್, ಫ್ರೆಂಚ್, ಸ್ವೀಡಿಷ್. ಕಲಿಯುವವರ ತಾಯ್ನುಡಿಗಳು ಆರು: ಪಂಜಾಬಿ, ಇಟಾಲಿಯನ್, ತುರ್ಕಿ, ಅರಬ್ಬಿ, ಸ್ಪ್ಯಾನಿಷ್, ಫಿನ್ನಿಷ್. ಸುಮಾರು 40 ವಲಸಿಗರನ್ನು ಎರಡೂವರೆ ವರ್ಷದಷ್ಟು ಕಾಲ ಮತ್ತೆ ಮತ್ತೆ ಮಾತನಾಡಿಸಿ ಧ್ವನಿಮುದ್ರಿಸಿದರು. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಪಂಜಾಬಿಗಳು ಈ ಗುಂಪಿನಲ್ಲಿದ್ದುದರಿಂದ ನಮ್ಮ ಉಪಖಂಡದ ಭಾಷೆಯೊಂದಕ್ಕೂ ಅಲ್ಲಿ ಜಾಗ ಸಿಕ್ಕಿತು.

ಸ್ಥಳನಿರೂಪಣೆಗಾಗಿ ಅವರು ಒಂದು ಸರಳ ಉಪಾಯ ಹೂಡಿದ್ದರು. ಒಬ್ಬರು ಒಂದು ಸಣ್ಣ ದೃಶ್ಯವನ್ನು ನೋಡಬೇಕು. ಅದನ್ನು ನೋಡದ ಇನ್ನೊಬ್ಬರಿಗೆ ಎಲ್ಲಿ ನಿಲ್ಲಬೇಕು, ಯಾವ ವಸ್ತುವನ್ನು ಎಲ್ಲಿಂದ ಎತ್ತಿ ಎಲ್ಲಿಡಬೇಕು ಎಂದು ಬಾಯಿಮಾತಿನಲ್ಲಿ ಹೇಳಿ ಅದೇ ದೃಶ್ಯವನ್ನು ಮಾಡಿಸಬೇಕು. ಚಿತ್ರ ವರ್ಣಿಸುವುದು, ಚಾಪ್ಲಿನ್ನನ ‘ಮಾಡರ್ನ್ ಟೈಮ್ಸ್’ ಸಿನಿಮಾದ ತುಣುಕನ್ನು ನೋಡಿ ಕತೆ ಹೇಳುವುದೂ ಇದ್ದವು. ಈ ಸಾಮಗ್ರಿಯನ್ನು ಆಧರಿಸಿ ಆಂಗೆಲಿಕಾ ಬೆಕರ್ ಮತ್ತು ಮೇರಿ ಕ್ಯಾರಲ್ 1997ರಲ್ಲಿ ಎರಡನೆಯ ಭಾಷೆಯ ಸ್ಥಳಸಂಬಂಧಗಳ ಬಗ್ಗೆಯೇ ಒಂದು ಪುಸ್ತಕ ತಂದರು. ಅದರ ಪ್ರಕಾರ ಮೊದಮೊದಲು ಕಲಿಯುವವರು ಎರಡು ನಾಮಪದಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ; ಉಳಿದದ್ದನ್ನು ಕೇಳುವವರ ಊಹೆಗೆ ಬಿಡುತ್ತಾರೆ. ಮುಂದೆ ಒಳಗಿರುವುದು, ತಾಗಿರುವುದು, ಹತ್ತಿರವಿರುವುದು ಎಂಬಂಥ ಸಂಬಂಧಗಳಿಗೆ ಪದ ಸಿಗುತ್ತವೆ. ಮೇಲು ಕೆಳಗುಗಳ ಮಾತು ಬರುವುದು ಮುಂದೆ ಹಿಂದೆ, ಎಡ ಬಲಗಳಿಗಿಂತ ಮೊದಲು. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಮೇಲು ಕೆಳಗನ್ನು ಭೂಮಿಯ ಸೆಳೆತ ಎಲ್ಲರಿಗೂ ಒಂದೇ ರೀತಿ ಗೊತ್ತುಮಾಡಿದೆ; ಮುಂದೆ ಹಿಂದೆ ಎಂದರೆ ಯಾರ ಮುಂದೆ, ಯಾವ ಕಡೆಗೆ ಮುಖ ಮಾಡಿದವರ ಹಿಂದೆ ಎಂದು ಲೆಕ್ಕ ಹಾಕಬೇಕು.

ಈ ಯೋಜನೆಯ ಅತಿ ಮುಖ್ಯ ಶೋಧನೆ ಕ್ಲೈನ್ ಮತ್ತು ಪರ್ಡ್ಯೂ ‘ಮೂಲ ರೂಪ’ ಎಂದು ಕರೆದ ಹಂತ. ತಾಯ್ನುಡಿ ಯಾವುದೇ ಇರಲಿ, ಕಲಿಯುವ ಭಾಷೆ ಯಾವುದೇ ಇರಲಿ, ಬಹುಪಾಲು ಎಲ್ಲರೂ ಒಂದು ಘಟ್ಟದಲ್ಲಿ ಇದನ್ನು ಮುಟ್ಟುತ್ತಾರೆ. ಕ್ರಿಯಾಪದಕ್ಕೆ ಒಂದೇ ರೂಪ, ಪ್ರತ್ಯಯಗಳ ಗೊಡವೆ ಇಲ್ಲ, ಪದಗಳ ಸರದಿಯಿಂದಲೇ ಅರ್ಥ. ಸರಳವಾದರೂ ಅದು ಹರುಕುಮುರುಕು ಭಾಷೆಯಲ್ಲ. ತನ್ನದೇ ನಿಯಮ ಇಟ್ಟುಕೊಂಡಿರುವ ಭಾಷೆ. ಸುಮಾರು ಮೂರನೆಯ ಒಂದು ಪಾಲಿನ ಕಲಿಕೆ ಅಲ್ಲಿಗೇ ನಿಂತಿತು. ಅವರ ಪದಭಂಡಾರ ಬೆಳೆಯಿತು, ವಾಕ್ಯದ ಕಟ್ಟು ಬೆಳೆಯಲಿಲ್ಲ. ಇದನ್ನು ಸೋಲೆಂದು ಬರೆಯುವವರಿದ್ದಾರೆ. ದಿನದ ಹತ್ತು ಹನ್ನೆರಡು ಗಂಟೆ ದುಡಿಯುವ ಮನುಷ್ಯ ಯಾರ ನೆರವೂ ಇಲ್ಲದೆ ಪರಭಾಷೆಯಲ್ಲಿ ಒಂದು ವ್ಯವಸ್ಥೆ ಕಟ್ಟಿಕೊಂಡದ್ದನ್ನು ಸೋಲು ಎನ್ನುವುದು ಅನ್ಯಾಯ.

ಕನ್ನಡದಲ್ಲಿ ಕಲಿಯಬೇಕಾದ್ದು

ಕನ್ನಡದಲ್ಲಿ ಸ್ಥಳದ ಬುನಾದಿ ಮೂರು ಪ್ರತ್ಯಯಗಳ ಮೇಲಿದೆ: ಇರುವ ಜಾಗಕ್ಕೆ ‘ಅಲ್ಲಿ’, ಸೇರುವ ಜಾಗಕ್ಕೆ ‘ಗೆ’ ಅಥವಾ ‘ಕ್ಕೆ’, ಬಿಟ್ಟುಬಂದ ಜಾಗಕ್ಕೆ ‘ಇಂದ’. ‘ಮನೇಲಿ, ಮನೆಗೆ, ಮನೆಯಿಂದ’. ‘ಮರದಲ್ಲಿ, ಮರಕ್ಕೆ, ಮರದಿಂದ’. ‘ಊರಲ್ಲಿ, ಊರಿಗೆ, ಊರಿಂದ’. ಸಂಸ್ಕೃತ ವ್ಯಾಕರಣದ ಹಾದಿ ಹಿಡಿದು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳನ್ನು ಹೇಳಿ, ಪಂಚಮಿಗೆ ‘ಅತ್ತಣಿಂ’ ಎಂಬ ರೂಪ ಕೊಟ್ಟ. ಇಂದಿನ ಶಾಲಾ ವ್ಯಾಕರಣ ಅದೇ ಜಾಗದಲ್ಲಿ ‘ದೆಸೆಯಿಂದ’ ಎಂದು ಬರೆಸುತ್ತದೆ. ಮಾತಿನಲ್ಲಿ ಯಾರೂ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎನ್ನುವುದಿಲ್ಲ. ತೃತೀಯೆಯ ‘ಇಂದ’ವೇ ಪಂಚಮಿಯ ಕೆಲಸವನ್ನೂ ಮಾಡುತ್ತದೆ. ಕನ್ನಡದ ವ್ಯಾಕರಣವನ್ನು ಕನ್ನಡದ ಒಳಗಿನಿಂದಲೇ ಬರೆಯಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹಟ ಹಿಡಿದು ವಾದಿಸಿದ್ದರ ಮಹತ್ವ, ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸಲು ಕೂತಾಗ ಚೆನ್ನಾಗಿ ಅರಿವಾಗುತ್ತದೆ. ಬೀದಿಯಲ್ಲಿ ಕೇಳಿಸದ ‘ದೆಸೆಯಿಂದ’ವನ್ನು ಉರುಹೊಡೆಸುವುದರಿಂದ ಅವರಿಗೆ ನಷ್ಟವೇ ಹೊರತು ಲಾಭವಿಲ್ಲ.

ಎರಡನೆಯ ಹಂತದಲ್ಲಿ ‘ಮೇಲೆ, ಕೆಳಗೆ, ಒಳಗೆ, ಹೊರಗೆ, ಮುಂದೆ, ಹಿಂದೆ, ಪಕ್ಕ, ಹತ್ತಿರ, ನಡುವೆ, ಎದುರು, ಆಚೆ, ಈಚೆ’ ಬರುತ್ತವೆ. ಇವು ಹುಟ್ಟಿನಿಂದ ನಾಮಪದಗಳು, ಆದ್ದರಿಂದ ಇವಕ್ಕೂ ವಿಭಕ್ತಿ ಹತ್ತುತ್ತದೆ: ‘ಮೇಲಿಂದ, ಒಳಗಿಂದ, ಮುಂದಕ್ಕೆ, ಹಿಂದಕ್ಕೆ’. ‘ಕಡೆ’ ಸೇರಿಸಿದರೆ ‘ಒಳಗಡೆ, ಹೊರಗಡೆ, ಮುಂದುಗಡೆ, ಎಡಗಡೆ, ಬಲಗಡೆ’ ಎಂಬ ಅಚ್ಚುಕಟ್ಟಾದ ಸಾಲು ಸಿಗುತ್ತದೆ. ಕಲಿಯುವವರ ಪಾಲಿಗೆ ಈ ಸಾಲು ದೊಡ್ಡ ಆಸರೆ. ನಗರದ ಕನ್ನಡ ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ಹಳೆಯ ಎಷ್ಟೋ ಪದಗಳಿಗೆ ಷಷ್ಠಿ ಬೇಕು: ‘ಮರದ ಕೆಳಗೆ’, ‘ಊರಿನ ಹೊರಗೆ’. ಬೆಂಗಳೂರಿನಲ್ಲಿ ಸದಾ ಬಾಯಲ್ಲಿರುವ ಗೇಟು, ಬಸ್ಸು, ಟೇಬಲ್ಲು, ಬೇಕರಿಗಳಿಗೆ ಅದೂ ಬೇಡ: ‘ಗೇಟ್ ಮುಂದೆ’, ‘ಬಸ್ ಹಿಂದೆ’, ‘ಬೇಕರಿ ಪಕ್ಕ’. ಹೊಸಬರು ಯಾವ ಪ್ರತ್ಯಯವನ್ನೂ ಕಲಿಯದೆ ತಪ್ಪಿಲ್ಲದ ಕನ್ನಡ ಆಡಿಬಿಡಬಹುದಾದ ಎಡೆ ಇದು. ಇದೇ ಅಭ್ಯಾಸದಿಂದ ಮುಂದೆ ‘ಮರ ಕೆಳಗೆ’, ‘ದೇವಸ್ಥಾನ ಹಿಂದೆ’ ಎಂದಾಗ ಮಾತ್ರ ಕಿವಿಗೆ ಕಚಕ್ ಎನ್ನಿಸುತ್ತದೆ.

ಮೇಲ್ನೋಟಕ್ಕೆ ಕಾಣದ ಗಂಟು ‘ಗೆ’ಯಲ್ಲಿದೆ. ಕನ್ನಡದಲ್ಲಿ ಅದು ಸೇರುವ ಜಾಗವನ್ನಷ್ಟೇ ಹೇಳುವುದಿಲ್ಲ, ಅಂಟಿಕೊಂಡಿರುವುದನ್ನೂ ಹೇಳುತ್ತದೆ. ಬಾಗಿಲಿಗೆ ತೋರಣ ಕಟ್ಟುತ್ತೇವೆ, ಗೋಡೆಗೆ ಮೊಳೆ ಹೊಡೆಯುತ್ತೇವೆ, ಬೆರಳಿಗೆ ಉಂಗುರ ಹಾಕುತ್ತೇವೆ, ಗಾಡಿಗೆ ಬಣ್ಣ ಬಳಿಯುತ್ತೇವೆ. ಹಿಂದಿಯವರಿಗೆ ತೋರಣ ಬಾಗಿಲ ‘ಪರ್’, ಉಂಗುರ ಬೆರಳ ‘ಮೇಂ’. ಆದ್ದರಿಂದ ‘ಬಾಗಿಲ ಮೇಲೆ ತೋರಣ’, ‘ಬೆರಳಲ್ಲಿ ಉಂಗುರ ಹಾಕು’ ಎಂದು ಅವರು ಹೇಳುವುದು ಸಹಜ. ಭಾಷೆಗಳು ಇಂಥ ಸಂಬಂಧಗಳನ್ನು ಹೇಗೆ ಗುಂಪು ಮಾಡುತ್ತವೆ ಎಂದು ಹೋಲಿಸಲು ಮೆಲಿಸಾ ಬೊವರ್‌ಮನ್ ಮತ್ತು ಎರಿಕ್ ಪೆಡರ್ಸನ್ 71 ರೇಖಾಚಿತ್ರಗಳ ಒಂದು ಕಟ್ಟು ಸಿದ್ಧಪಡಿಸಿದ್ದಾರೆ. ಬಟ್ಟಲು ಮೇಜಿನ ಮೇಲೆ, ಉಂಗುರ ಬೆರಳಲ್ಲಿ ಎಂಬಂಥ ಚಿತ್ರಗಳನ್ನು ತೋರಿಸಿ ಮಾತನಾಡಿಸುವ ಈ ಕ್ರಮ ಜಗತ್ತಿನ ಅನೇಕ ಭಾಷೆಗಳ ಮೇಲೆ ಬಳಕೆಯಾಗಿದೆ.

ಮನುಷ್ಯರ ವಿಷಯದಲ್ಲಿ ಕನ್ನಡ ಇನ್ನೂ ಎಚ್ಚರ. ಅಂಗಡಿಗೆ ಹೋಗಬಹುದು, ಡಾಕ್ಟರಿಗೆ ಹೋಗಲಾಗದು. ಡಾಕ್ಟರ ಹತ್ರ ಹೋಗಬೇಕು. ಅಮ್ಮನಿಗೆ ಕೊಡಬಹುದು, ಓಡಿ ಬರುವುದು ಅಮ್ಮನ ಹತ್ರ. ಹಿಂದಿಯ ‘ಕೇ ಪಾಸ್’, ಬಂಗಾಳಿಯ ‘ಕಾಛೇ’ ಸರಿಸುಮಾರು ಹೀಗೇ ನಡೆಯುವುದರಿಂದ ಭಾರತದ ಒಳಗಿನಿಂದ ಬಂದವರು ಇಲ್ಲಿ ಎಡವುವುದಿಲ್ಲ.

ತಾಯ್ನುಡಿಯ ಪಾಲು

1956ರಲ್ಲಿ ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಭಾರತವನ್ನು ಒಂದು ಭಾಷಾವಲಯ ಎಂದು ಕರೆದರು. ಬೇರೆ ಬೇರೆ ಕುಲದ ಭಾಷೆಗಳು ಒಟ್ಟಿಗೆ ಬಾಳಿ ಒಂದರ ಗುಣ ಇನ್ನೊಂದಕ್ಕೆ ಹತ್ತಿದೆ ಎಂಬುದು ಅವರ ನಿಲುವು. ಸ್ಥಳನಿರೂಪಣೆಯಲ್ಲಿ ಅದರ ಫಲ ಕಣ್ಣಿಗೆ ಕಟ್ಟುತ್ತದೆ. ನಾಮಪದ ಮೊದಲು, ಸ್ಥಳಪದ ಆಮೇಲೆ ಎಂಬ ಸರದಿ ಹಿಂದಿ, ಬಂಗಾಳಿ, ಒಡಿಯಾ, ನೇಪಾಳಿ, ತೆಲುಗು, ತಮಿಳು ಎಲ್ಲದರಲ್ಲೂ ಕನ್ನಡದಂತೆಯೇ ಇದೆ. ಲಂಡನ್ನಿಗೆ ಹೋದ ಪಂಜಾಬಿ ಈ ಸರದಿಯನ್ನು ತಿರುಗುಮುರುಗು ಮಾಡಿಕೊಳ್ಳಬೇಕು. ಬೆಂಗಳೂರಿಗೆ ಬಂದ ಪಂಜಾಬಿಗೆ ಆ ಕಷ್ಟವಿಲ್ಲ. ತೆಲುಗಿನ ‘ಲೋ, ಕಿ, ನುಂಚಿ’ ಕನ್ನಡದ ‘ಅಲ್ಲಿ, ಗೆ, ಇಂದ’ಕ್ಕೆ ಒಂದಕ್ಕೊಂದು ಹೊಂದುತ್ತವೆ. ಇನ್ನೊಂದು ಕುಲದ ಒಡಿಯಾದಲ್ಲೂ ‘ರೆ, ಕು, ರು’ ಎಂದು ಮೂರು ಬೇರೆಯಾಗಿಯೇ ಇವೆ. ಹಿಂದಿಯವರು ಸೇರುವ ಜಾಗಕ್ಕೆ ಸಾಮಾನ್ಯವಾಗಿ ಏನನ್ನೂ ಹಚ್ಚುವುದಿಲ್ಲ, ‘ಘರ್ ಜಾಓ’ ಎನ್ನುತ್ತಾರೆ. ‘ನಾನು ಮನೆ ಹೋಗ್ತೀನಿ’ ಎಂಬ ಕನ್ನಡ ಹುಟ್ಟುವುದು ಅಲ್ಲಿಂದ. ಬಂಗಾಳಿಯಲ್ಲಿ ಇರುವ ಜಾಗಕ್ಕೂ ಹೋಗುವ ಜಾಗಕ್ಕೂ ಒಂದೇ ಪ್ರತ್ಯಯ ಸಾಲುತ್ತದೆ; ಅವರ ಬಾಯಲ್ಲಿ ‘ಅಂಗಡೀಲಿ ಹೋಗ್ತೀನಿ’ ಬರುವ ಸಂಭವ ಹೆಚ್ಚು. ಒಬ್ಬರು ‘ಗೆ’ಯನ್ನು ಬಿಡುತ್ತಾರೆ, ಇನ್ನೊಬ್ಬರು ಅದರ ಜಾಗದಲ್ಲಿ ‘ಅಲ್ಲಿ’ ಇಡುತ್ತಾರೆ. ಇಬ್ಬರ ತಪ್ಪಿನ ಬೇರು ಬೇರೆ ಬೇರೆ; ಒಂದೇ ಮದ್ದು ಇಬ್ಬರಿಗೂ ಹತ್ತದು.

ಕರ್ನಾಟಕದ ಒಳಗಿನ ವಲಸಿಗರನ್ನೂ ಇಲ್ಲಿ ನೆನೆಯಬೇಕು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರ ತಾಯ್ನುಡಿ ಕನ್ನಡವೇ. ಆದರೂ ಅವರ ‘ಮನ್ಯಾಗ’ ಇಲ್ಲಿ ‘ಮನೇಲಿ’, ‘ಮ್ಯಾಲ’ ಇಲ್ಲಿ ‘ಮೇಲೆ’, ‘ಬಾಜೂಕ’ ಇಲ್ಲಿ ‘ಪಕ್ಕ’. ಈ ಹೊಂದಾಣಿಕೆಯ ಭಾರವನ್ನು ಸದಾ ಅವರೇ ಹೊರುತ್ತಾರೆ. ಬೆಂಗಳೂರಿನವರು ‘ಬಾಜೂಕ’ ಕಲಿಯಲು ಮುಂದಾಗುವುದು ಕಡಿಮೆ.

ನೂರಾರು ವರ್ಷ ಒಟ್ಟಿಗೆ ಬಾಳಿದರೆ ಏನಾಗುತ್ತದೆ ಎಂಬುದಕ್ಕೆ ಗಡಿಯಾಚೆಯ ಕುಪ್ವಾಡ ಸಾಕ್ಷಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಈ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ಬೀದಿಯಲ್ಲಿ ಬೆಳೆದವು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಮೂರೂ ಭಾಷೆಗಳ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆ. ಪದಗಳಷ್ಟೇ ಬೇರೆ ಉಳಿದಿವೆ. ಮನೆಯಲ್ಲಿ ಯಾವ ಭಾಷೆ ಎಂಬುದು ಜಾತಿ ಮತಗಳ ಗುರುತಾಗಿ ನಿಂತದ್ದರಿಂದ ಯಾರೂ ತಮ್ಮ ಭಾಷೆ ಬಿಡಲಿಲ್ಲ, ದಿನವೂ ಒಂದರಿಂದ ಇನ್ನೊಂದಕ್ಕೆ ದಾಟಬೇಕಾದ್ದರಿಂದ ಕಟ್ಟು ಒಂದಾಯಿತು. ದಕ್ಷಿಣದ ದಖ್ಖನಿ ಉರ್ದು ಮಾತನಾಡುವವರು ‘ಘರ್ ಕು ಜಾ’ ಎನ್ನುವಲ್ಲಿನ ‘ಕು’ ಕೂಡ ನಮ್ಮ ‘ಮನೆಗೆ’ಯ ನೆರೆಯಲ್ಲಿ ಬಾಳಿದ್ದರ ಗುರುತಿನಂತಿದೆ.

ಮುಂದೆ, ಎದುರು, ಆಚೆ

ಪುಟ್ಟೇನಹಳ್ಳಿಯ ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಬಲ್ಲ ಪದ ‘ಮುಂದೆ’. ‘ದೇವಸ್ಥಾನದ ಮುಂದೆ ನಿಲ್ಸಿ’ ಎಂದರೆ ಗುಡಿಯ ಬಾಗಿಲ ಎದುರು. ‘ದೇವಸ್ಥಾನದಿಂದ ಮುಂದೆ ನಿಲ್ಸಿ’ ಎಂದರೆ ಗುಡಿ ದಾಟಿ ಇನ್ನಷ್ಟು ದೂರ. ನಡುವೆ ಇರುವ ವ್ಯತ್ಯಾಸ ‘ದ’ ಮತ್ತು ‘ದಿಂದ’. ಓಡುವ ಆಟೋದಲ್ಲಿ, ಹಾರ್ನಿನ ಗದ್ದಲದಲ್ಲಿ, ಹೊಸ ಕಿವಿಗೆ ಆ ಒಂದಕ್ಷರ ಬೀಳುವುದೇ ಕಷ್ಟ. ಹಿಂದಿಯಲ್ಲಿ ‘ಸೇ ಆಗೇ’ ಎಂದರೆ ದಾಟಿದ ಮೇಲೆ; ‘ಕೇ ಆಗೇ’ ಮಾತ್ರ ಎರಡೂ ಅರ್ಥಕ್ಕೆ ಓಡಾಡುತ್ತದೆ. ಹಾಗಾಗಿ ಹಿಂದಿಯವರು ‘ಮುಂದೆ’ ಎಂದಾಗ ಯಾವ ಅರ್ಥ ಎಂದು ಕನ್ನಡದ ಚಾಲಕರೂ ತಿರುಗಿ ಕೇಳಬೇಕಾಗುತ್ತದೆ. ಗೇಟು, ಬೇಕರಿಗಳಂಥ ಪದಗಳಿಗೆ ‘ದ’ ಹತ್ತುವುದೇ ಇಲ್ಲವಾದ್ದರಿಂದ ‘ಬೇಕರಿ ಮುಂದೆ’ ಮತ್ತು ‘ಬೇಕರಿಯಿಂದ ಮುಂದೆ’ಗಳಲ್ಲಿ ‘ಇಂದ’ದ ಮೇಲೆ ಪೂರ್ತಿ ಹೊರೆ ಬೀಳುತ್ತದೆ. ಅನುಭವಸ್ಥ ಕನ್ನಡಿಗರು ಈ ತೊಡಕನ್ನು ಕ್ರಿಯಾಪದದಿಂದ ಬಿಡಿಸುತ್ತಾರೆ: ‘ಬೇಕರಿ ದಾಟಿ ಮುಂದೆ’, ‘ಬೇಕರಿ ಎದುರುಗಡೆ’. ಹೊಸಬರಿಗೆ ಮೊದಲು ಕಲಿಸಬೇಕಾದ್ದು ‘ದಾಟಿ’ ಮತ್ತು ‘ಎದುರುಗಡೆ’ ಎಂಬ ಈ ಜೋಡಿಯನ್ನೇ. ‘ಮುಂದೆ’ ಆಮೇಲೆ ಬರಲಿ.

ಕೆರೆಯೇ ಇನ್ನೊಂದು ಪಾಠ. ಬೆಂಗಳೂರಿನ ಹಳೆಯ ರೈತರ ಮಾತಿನಲ್ಲಿ ಕೆರೆಗೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ಏರಿಯ ಹೊರಮಗ್ಗುಲಿನ ತಗ್ಗಿನಲ್ಲಿರುವ, ತೂಬಿನ ನೀರು ಹರಿಯುವ ನೆಲ ‘ಕೆರೆ ಕೆಳಗಿನ ಜಮೀನು’. ‘ಕೆಳಗೆ’ ಎಂಬುದನ್ನು ಮಂಚದ ಕೆಳಗೆ, ಮರದ ಕೆಳಗೆ ಎಂದಷ್ಟೇ ಕಲಿತವರಿಗೆ ಕೆರೆಯ ಕೆಳಗೆ ಜಮೀನಿರುವುದು ವಿಚಿತ್ರವಾಗಿ ತೋರುತ್ತದೆ. ನೆಲದ ಇಳಿಜಾರನ್ನು ಹಿಡಿದು ಹೇಳುವ ಈ ಬಗೆ ಸುತ್ತಲ ಹೆಸರುಗಳಲ್ಲೂ ಉಳಿದಿದೆ: ಕೊತ್ತನೂರು ದಿಣ್ಣೆ, ಜಂಬೂಸವಾರಿ ದಿಣ್ಣೆ. ರಸ್ತೆ ಸಮ ಮಾಡಿ, ಕಟ್ಟಡ ಎಬ್ಬಿಸಿ ದಿಣ್ಣೆ ಕಾಣದಂತಾದರೂ ಮಳೆನೀರಿಗೆ ಆ ಇಳಿಜಾರು ನೆನಪಿದೆ. ಊರಿನ ಹೆಸರನ್ನು ಅರ್ಥ ತಿಳಿದು ಕಲಿತ ವಲಸಿಗರಿಗೆ ಭಾಷೆಯ ಜೊತೆ ಈ ನೆಲದ ಏರಿಳಿತವೂ ದಕ್ಕುತ್ತದೆ. ‘ದಿಣ್ಣೆ’ ಎಂದರೇನೆಂದು ಕೇಳಿದವರಿಗೆ ಎರಡು ನಿಮಿಷ ಬಿಡುವು ಮಾಡಿಕೊಂಡು ಹೇಳುವುದು ಕನ್ನಡಿಗರು ಮಾಡಬಹುದಾದ ದೊಡ್ಡ ಉಪಕಾರ.

ಎಡಬಲ ಮತ್ತು ದಿಕ್ಕು

ಜಾಗವನ್ನು ಹೇಳುವ ಚೌಕಟ್ಟುಗಳನ್ನು ಭಾಷಾವಿಜ್ಞಾನಿ ಸ್ಟೀಫನ್ ಲೆವಿನ್ಸನ್ ಮೂರಾಗಿ ವಿಂಗಡಿಸಿದರು. ವಸ್ತುವಿನದೇ ಮುಖವನ್ನು ಆಧರಿಸಿದ್ದು ಒಂದು, ನೋಡುವವರ ಎಡಬಲವನ್ನು ಆಧರಿಸಿದ್ದು ಇನ್ನೊಂದು, ದಿಕ್ಕುಗಳನ್ನು ಆಧರಿಸಿದ್ದು ಮೂರನೆಯದು. ಆಸ್ಟ್ರೇಲಿಯದ ಗೂಗು ಯಿಮಿಥಿರ್ ಜನ ಮೇಜಿನ ಮೇಲಿನ ಲೋಟವನ್ನೂ ದಿಕ್ಕು ಹೇಳಿಯೇ ಗುರುತಿಸುತ್ತಾರೆ. ನಮ್ಮ ಮಗ್ಗುಲಲ್ಲೇ ತಮಿಳಿನಲ್ಲಿ ಈ ಒಡಕು ಒಂದೇ ಭಾಷೆಯ ಒಳಗಿದೆ: ಕೆಲವು ಹಳ್ಳಿಗರು ಚಿಕ್ಕ ವಸ್ತುಗಳಿಗೂ ದಿಕ್ಕು ಬಳಸುತ್ತಾರೆ, ಪಟ್ಟಣದವರು ಎಡಬಲಕ್ಕೆ ಒಗ್ಗಿದ್ದಾರೆ ಎಂದು ಪೆಡರ್ಸನ್ 1990ರ ದಶಕದಲ್ಲಿ ತೋರಿಸಿದರು. ಕನ್ನಡ ನಾಡೂ ದಿಕ್ಕಿನ ನಾಡೇ. ಮೂಡಬಿದಿರೆ, ಪಡುಬಿದ್ರಿ, ತೆಂಕನಿಡಿಯೂರು, ಬಡಾನಿಡಿಯೂರು ಎಂಬ ಊರುಗಳು ಮೂಡು, ಪಡು, ತೆಂಕು, ಬಡಗುಗಳನ್ನು ಹೆಸರಲ್ಲೇ ಹೊತ್ತಿವೆ. ಪುಟ್ಟೇನಹಳ್ಳಿಯ ಸುತ್ತ ದಿಕ್ಕು ಉಳಿದಿರುವುದು ಬಾಡಿಗೆ ಮನೆಯ ಮಾತಿನಲ್ಲಿ: ‘ಈಸ್ಟ್ ಫೇಸಿಂಗ್’, ‘ನಾರ್ತ್ ಫೇಸಿಂಗ್’. ವಾಸ್ತುವಿನ ನೆಪದಲ್ಲಿ ಹೊಸಬರು ಮೊದಲ ವಾರದಲ್ಲೇ ಅದನ್ನು ಕಲಿಯುತ್ತಾರೆ.

ಯುರೋಪಿನಲ್ಲಿ ತಡವಾಗಿ ಬಂದ ಎಡಬಲ ಬೆಂಗಳೂರಿನಲ್ಲಿ ಬಹಳ ಬೇಗ ಬರುತ್ತದೆ. ‘ಲೆಫ್ಟ್ ತಗೊಳ್ಳಿ’, ‘ರೈಟ್ ಹೋಗಿ’, ‘ಸ್ಟ್ರೈಟ್ ಹೋಗಿ’ ಎಂಬುವು ಕನ್ನಡಿಗರ ಬಾಯಲ್ಲೂ ಅಷ್ಟೇ ಇರುವುದರಿಂದ ಹೊಸಬರು ಕ್ರಿಯಾಪದವೊಂದನ್ನು ಕಲಿತರೆ ದಾರಿ ಹೇಳಲು ಸಾಕು. ಬಡಾವಣೆಗಳ ಮೇನು, ಕ್ರಾಸುಗಳ ಚೌಕಳಿಯೂ ಇದಕ್ಕೆ ಹೊಂದಿಕೊಂಡಿದೆ. ಹಾಗಾಗಿ ‘ಎಡ’, ‘ಬಲ’ ಪದಗಳನ್ನು ಎಷ್ಟೋ ಜನ ಮೊದಲು ಗಮನಿಸುವುದು ಹಸಿರು ಮಾರ್ಗದ ಮೆಟ್ರೋದಲ್ಲಿ, ಬಾಗಿಲು ಯಾವ ಬದಿಗೆ ತೆರೆಯುತ್ತದೆ ಎಂಬ ಪ್ರಕಟಣೆಯಲ್ಲಿ.  ನಿಲ್ದಾಣ ಬಂದಾಗಲೆಲ್ಲ ಕಿವಿಗೆ ಬೀಳುವ, ಬಿದ್ದ ಕೂಡಲೇ ಕಣ್ಣೆದುರು ಬಾಗಿಲು ತೆರೆದು ಅರ್ಥ ಖಚಿತಪಡಿಸುವ ಇಂಥ ಪಾಠ ಯಾವ ತರಗತಿಯಲ್ಲೂ ಸಿಗದು.

ಚಲನೆಯ ಕ್ರಿಯಾಪದಗಳಲ್ಲಿ ಎರಡು ವಿಷಯ ಸಾಕು. ಕನ್ನಡದಲ್ಲಿ ಬಸ್ ಹತ್ತುತ್ತೇವೆ, ಪ್ರತ್ಯಯ ಬೇಡ. ಹಿಂದಿಯಲ್ಲಿ ಹತ್ತುವುದು ಬಸ್ಸಿನ ‘ಮೇಂ’, ಅದರಿಂದ ‘ಬಸ್ಸಲ್ಲಿ ಹತ್ತು’. ಇನ್ನು ‘ಬಾ’, ‘ಹೋಗು’ಗಳಿಗೆ ವ್ಯಾಕರಣದ ಜೊತೆ ಮರ್ಯಾದೆಯೂ ಅಂಟಿದೆ. ಮನೆಯಿಂದ ಹೊರಡುವ ಕನ್ನಡಿಗರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಅಥವಾ ‘ಹೋಗ್ಬರ್ತೀನಿ’ ಎನ್ನುತ್ತಾರೆ. ತಮಿಳರೂ ಬಂಗಾಳಿಗಳೂ ತಮ್ಮಲ್ಲೂ ಹಾಗೇ ಹೇಳುವುದರಿಂದ ಇದನ್ನು ಒಂದೇ ದಿನದಲ್ಲಿ ಹಿಡಿಯುತ್ತಾರೆ.

ಕಲಿಕೆ ಬೆಳೆಯುವುದೂ ನಿಲ್ಲುವುದೂ

ಎದುರಿಗೆ ನಿಂತು ಮಾತಾಡುವಾಗ ಕೈ ಅರ್ಧ ಕೆಲಸ ಮಾಡಿಬಿಡುತ್ತದೆ. ‘ಅಲ್ಲಿ’ ಎಂದು ಬೆರಳು ತೋರಿದರೆ ಮುಗಿಯಿತು. ಎರಡನೆಯ ಭಾಷೆಯವರ ಕೈಸನ್ನೆಗಳನ್ನು ಅಧ್ಯಯನ ಮಾಡಿದ ಮರಿಯಾನೆ ಗುಲ್‌ಬರ್ಗ್ ಅವರ ಕೆಲಸ ಇಲ್ಲಿ ಮುಖ್ಯ. ಮಾತು ಹೊಸ ಭಾಷೆಗೆ ತಿರುಗಿದ ಮೇಲೂ ಕೈ ತಾಯ್ನುಡಿಯ ರೀತಿಯಲ್ಲೇ ಆಡುತ್ತಿರಬಹುದು ಎಂದು ಆ ಬಗೆಯ ಅಧ್ಯಯನಗಳು ತೋರಿಸಿವೆ. ಕೈ ನೆರವಿಗೆ ಬಾರದ ಸಂದರ್ಭ ಒಂದೇ, ಫೋನು. ‘ಕೆರೆ ಹತ್ರ ಬಂದೆ ಸರ್, ಈಗ ಎಲ್ಲಿ?’ ಎಂದು ಕೇಳುವ ಹುಡುಗನಿಗೆ ‘ಕೆರೆ ದಾಟಿ ಮುಂದೆ ಬನ್ನಿ, ಎಡಗಡೆ ಎರಡನೇ ಗೇಟು, ಒಳಗೆ ಬಂದು ಬಲಗಡೆ ಲಿಫ್ಟು’ ಎಂದು ಉತ್ತರ ಬಂದರೆ, ಒಂದು ವಾಕ್ಯದಲ್ಲಿ ನಾಲ್ಕೈದು ಸ್ಥಳಪದ ಅವನ ಕಿವಿಗೆ ಬಿದ್ದವು. ಅರ್ಥವಾಯಿತೋ ಇಲ್ಲವೋ ಎಂಬುದಕ್ಕೆ ಅವನ ಗಾಡಿ ನಿಲ್ಲುವ ಜಾಗವೇ ಪರೀಕ್ಷೆ. ಯುರೋಪಿನ ಸಂಶೋಧಕರು ಪ್ರಯೋಗಕ್ಕಾಗಿ ಕಟ್ಟಿದ ಸಂದರ್ಭ ಇದೇ: ಒಬ್ಬರಿಗೆ ಕಾಣುತ್ತದೆ, ಇನ್ನೊಬ್ಬರಿಗೆ ಕಾಣುವುದಿಲ್ಲ, ನಡುವೆ ಇರುವುದು ಮಾತು ಮಾತ್ರ.

ಈ ಅವಕಾಶವನ್ನು ಕಿತ್ತುಕೊಳ್ಳುವವರು ಬಹುತೇಕ ನಾವೇ. ಆ ಕಡೆಯವರು ಕನ್ನಡದಲ್ಲಿ ಎರಡು ಮಾತು ತಡವರಿಸಿದ ಕೂಡಲೇ ನಾವು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಉದ್ದೇಶ ಒಳ್ಳೆಯದು, ಕೆಲಸ ಬೇಗ ಮುಗಿಯಲಿ ಎಂಬುದು. ಕಲಿಯುವವರಿಗೆ ಮಾತ್ರ ಮುಂದಿನ ಮೆಟ್ಟಿಲು ಅಲ್ಲಿಗೇ ತಪ್ಪುತ್ತದೆ. ನಕ್ಷೆ ತೋರಿಸುವ ಮೊಬೈಲ್ ಆ್ಯಪ್‌ಗಳೂ ಈಚೆಗೆ ಇದೇ ಕೆಲಸ ಮಾಡುತ್ತಿವೆ. ನೀಲಿ ಚುಕ್ಕೆ ದಾರಿ ತೋರಿದ ಮೇಲೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಮೂಲ ರೂಪದಲ್ಲೇ ನಿಂತುಬಿಡುವವರ ಹಿಂದೆ ಅವರ ಸೋಮಾರಿತನವನ್ನು ಹುಡುಕುವ ಬದಲು, ಕೊನೆವರೆಗೆ ಕನ್ನಡದಲ್ಲೇ ದಾರಿ ಹೇಳುವಷ್ಟು ತಾಳ್ಮೆ ಎಷ್ಟು ಜನ ತೋರಿದರು ಎಂದು ಕೇಳಬೇಕು.

ವ್ಯವಸ್ಥಿತ ಬೋಧನೆಯೂ ಇದೆ. 1969ರಲ್ಲಿ ಮೈಸೂರಿನಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಬೇರೆ ರಾಜ್ಯಗಳ ಅಧ್ಯಾಪಕರಿಗೆ ಕನ್ನಡ ಕಲಿಸುತ್ತ ಬಂದಿದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗೆ ತರಗತಿಗಳನ್ನು ನಡೆಸುತ್ತದೆ. ಆಡುಮಾತಿನ ಕನ್ನಡಕ್ಕೆ ವಿಲಿಯಂ ಬ್ರೈಟ್ 1958ರಲ್ಲೂ ಹೆರಾಲ್ಡ್ ಶಿಫ್‌ಮನ್ 1983ರಲ್ಲೂ ಬರೆದ ವ್ಯಾಕರಣಗಳು ಇವೆ. ‘ಮನೆಯಲ್ಲಿ’ ಎಂದು ಓದಿ ‘ಮನೇಲಿ’ ಎಂದು ಕೇಳುವವರ ಗೊಂದಲ ಬಿಡಿಸಲು ಇಂಥ ಆಡುಮಾತಿನ ವ್ಯಾಕರಣವೇ ಬೇಕು. ಪಾಠ ‘ನನ್ನ ಹೆಸರು’ ಎಂದು ಆರಂಭವಾಗುವುದು ರೂಢಿ. ದುಡಿಯಲು ಬಂದವರಿಗೆ ‘ಇಲ್ಲಿ, ಇಲ್ಲಿಗೆ, ಇಲ್ಲಿಂದ’ ಎಂಬ ತ್ರಿವಳಿ ಅದಕ್ಕಿಂತ ಮೊದಲು ಬೇಕಾಗುತ್ತದೆ. ಅದು ಬಾಯಿಗೆ ಬಂದರೆ ‘ಮನೇಲಿ, ಮನೆಗೆ, ಮನೆಯಿಂದ’ ತಾನಾಗಿ ಹಿಂಬಾಲಿಸುತ್ತದೆ.

ಹೊರಗೆ ಹೋದ ಕನ್ನಡಿಗರು ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆಯುತ್ತಾರೆ. ‘ಬಸ್ಸಲ್ಲಿ, ಕಾರಲ್ಲಿ, ಸ್ಟಾಪಲ್ಲಿ’ ಎಂಬ ಒಂದೇ ‘ಅಲ್ಲಿ’ಗೆ ಇಂಗ್ಲಿಷಿನಲ್ಲಿ ‘ಆನ್, ಇನ್, ಆ್ಯಟ್’ ಎಂದು ಮೂರು ಬೇಕು. ಜರ್ಮನಿಗೆ ಹೋದವರಿಗೆ ಬೇರೊಂದು ಪರೀಕ್ಷೆ ಕಾದಿರುತ್ತದೆ. ಅಲ್ಲಿ ‘ಇನ್’ ಎಂಬ ಒಂದೇ ಪದ. ಅಡುಗೆಮನೆಯಲ್ಲಿ ಇದ್ದರೆ ‘ಇನ್ ಡೇರ್’, ಅಡುಗೆಮನೆಗೆ ಹೋದರೆ ‘ಇನ್ ಡೀ’. ಇರುವುದಕ್ಕೂ ಸೇರುವುದಕ್ಕೂ ಇರುವ ಈ ಭೇದ ‘ಅಲ್ಲಿ’, ‘ಗೆ’ ಬಲ್ಲ ಕನ್ನಡಿಗರಿಗೆ ಮೊದಲೇ ಗೊತ್ತು. ಹೆಸರಿನಲ್ಲಿ ಮಾತ್ರ ಎಚ್ಚರ ಬೇಕು: ಕನ್ನಡದಲ್ಲಿ ಸೇರುವ ಜಾಗವನ್ನು ಹೇಳುವುದು ಚತುರ್ಥಿ, ಜರ್ಮನ್‌ನಲ್ಲಿ ‘ಇನ್’ ಜೊತೆ ಬರುವ ಚತುರ್ಥಿ ಹೇಳುವುದು ಇರುವ ಜಾಗವನ್ನು.